ಕ್ಯಾಲ್ಸಿಯಂ ವರದಿ: ಅಂಕಿ ಕಡಿಮೆಯಾದ ಮಾತ್ರಕ್ಕೆ ಗಾಬರಿ ಬೇಡ

ಯಕೃತ್ತಿನ ಕಾಯಿಲೆಯಿಂದ ಬಳಲುತ್ತಿರುವ ಹಿರಿಯರೊಬ್ಬರ ರಕ್ತಪರೀಕ್ಷೆಯ ವರದಿ ಬಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ 7.2 ಎಂದಿದೆ. ಸಾಮಾನ್ಯವಾಗಿ ಇರಬೇಕಾದದ್ದು 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಮನೆಯವರಿಗೆ ಗಾಬರಿ. ವೈದ್ಯರನ್ನು ಕೇಳದೆ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಿಸುವವರೂ ಉಂಟು. ಆದರೆ ಆ ಹಿರಿಯರಿಗೆ ನಿಜವಾದ ಕೊರತೆ ಇಲ್ಲದೆಯೂ ಇರಬಹುದು!

ಆಸ್ತಿ ಬೇರೆ, ಕೈಯಲ್ಲಿರುವ ನಗದು ಬೇರೆ

ರಕ್ತದಲ್ಲಿರುವ ಕ್ಯಾಲ್ಸಿಯಂ ಎಲ್ಲವೂ ಒಂದೇ ರೂಪದಲ್ಲಿರುವುದಿಲ್ಲ. ಸುಮಾರು ಶೇ. 40ರಷ್ಟು ಪ್ರೋಟೀನುಗಳಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಶೇ. 10ರಷ್ಟು ಫಾಸ್ಫೇಟ್, ಸಿಟ್ರೇಟ್‌ಗಳ ಜೊತೆ ಸೇರಿರುತ್ತದೆ. ಉಳಿದರ್ಧ ಮಾತ್ರ ಅಯಾನುಗಳಾಗಿ ಸ್ವತಂತ್ರವಾಗಿ ಓಡಾಡುತ್ತದೆ. ಸ್ನಾಯುಗಳ ಸಂಕುಚನ, ನರಗಳ ಕೆಲಸ, ಹೃದಯದ ಬಡಿತ, ರಕ್ತ ಹೆಪ್ಪುಗಟ್ಟುವಿಕೆ ಎಲ್ಲಕ್ಕೂ ಬೇಕಾದದ್ದು ಈ ಸ್ವತಂತ್ರ ಪಾಲು. ಆಸ್ತಿ ಎಷ್ಟಿದ್ದರೇನು, ಸಂತೆಗೆ ಹೋದಾಗ ಕೈಯಲ್ಲಿರುವ ನಗದೇ ತಾನೆ ಲೆಕ್ಕ?

ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಯಕೃತ್ತು ಸೊರಗಿದರೆ ಆಲ್ಬುಮಿನ್ ಇಳಿಯುತ್ತದೆ. ಅದಕ್ಕೆ ಅಂಟಿಕೊಳ್ಳುವ ಕ್ಯಾಲ್ಸಿಯಂ ಸಹ ಇಳಿಯುತ್ತದೆ. ಆದರೆ ಸ್ವತಂತ್ರ ಪಾಲು ಸರಿಯಾಗಿಯೇ ಇರಬಹುದು. ಆಲ್ಬುಮಿನ್ 4 ಗ್ರಾಂಗಿಂತ ಕಡಿಮೆಯಾದ ಪ್ರತಿ 1 ಗ್ರಾಂಗೆ ಕ್ಯಾಲ್ಸಿಯಂ ಅಂಕಿಗೆ 0.8 ಸೇರಿಸಿ ನೋಡುವುದು ವೈದ್ಯರ ರೂಢಿ. ನಮ್ಮ ಹಿರಿಯರ ಆಲ್ಬುಮಿನ್ 2 ಗ್ರಾಂ ಇದ್ದರೆ 7.2ಕ್ಕೆ 1.6 ಸೇರಿ 8.8 ಆಯಿತು. ಅಂದರೆ ಸಾಮಾನ್ಯ ಮಟ್ಟ.

ಇದು ಅಂದಾಜು ಮಾತ್ರ. ತೀವ್ರ ನಿಗಾ ಘಟಕದ ರೋಗಿಗಳಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ, ಹೆಚ್ಚು ರಕ್ತ ಪಡೆದವರಲ್ಲಿ ಅಂದಾಜು ಕೈಕೊಡುತ್ತದೆ. ಅಂಥವರಲ್ಲಿ ಸ್ವತಂತ್ರ ಕ್ಯಾಲ್ಸಿಯಂ ಅನ್ನೇ ಅಳೆಯಬೇಕು.

ಕಪ್ಪೆಯ ಹೃದಯದಿಂದ ವಿದ್ಯುದ್ವಾರಕ್ಕೆ

1883ರಲ್ಲಿ ಲಂಡನ್ನಿನ ಸಿಡ್ನಿ ರಿಂಗರ್, ಕಪ್ಪೆಯ ಹೃದಯ ಮಿಡಿಯಲು ಕ್ಯಾಲ್ಸಿಯಂ ಬೇಕೆಂದು ತೋರಿಸಿದರು. 1934ರಲ್ಲಿ ಮೆಕ್ಲೀನ್ ಮತ್ತು ಹೇಸ್ಟಿಂಗ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಕಪ್ಪೆಯ ಹೃದಯವನ್ನೇ ಅಳತೆಗೋಲಾಗಿ ಬಳಸಿ ಸ್ವತಂತ್ರ ಕ್ಯಾಲ್ಸಿಯಂ ಅಳೆದರು. 1967ರಲ್ಲಿ ಜೇಮ್ಸ್ ರಾಸ್ ಕ್ಯಾಲ್ಸಿಯಂ ಅನ್ನು ಆರಿಸಿ ಗುರುತಿಸುವ ವಿದ್ಯುದ್ವಾರವನ್ನು ವರದಿ ಮಾಡಿದ ಮೇಲೆ ಈ ಕೆಲಸ ಸುಲಭವಾಯಿತು.

ಇಂದಿನ ಉಪಕರಣದಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆಯಿರುತ್ತದೆ. ಅದರಲ್ಲಿರುವ ರಾಸಾಯನಿಕ ಇತರ ಅಯಾನುಗಳನ್ನು ಬದಿಗಿಟ್ಟು ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ಪೊರೆಯ ಒಂದು ಕಡೆ ಪ್ರಮಾಣ ಗೊತ್ತಿರುವ ದ್ರಾವಣ, ಇನ್ನೊಂದು ಕಡೆ ರೋಗಿಯ ರಕ್ತ. ಎರಡರ ನಡುವಿನ ವ್ಯತ್ಯಾಸ ಅತಿ ಸಣ್ಣ ವೋಲ್ಟೇಜ್ ಆಗಿ ಕಾಣಿಸಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಸಿದ್ಧ. ವಯಸ್ಕರಲ್ಲಿ ಇದು ಲೀಟರಿಗೆ ಸುಮಾರು 1.1ರಿಂದ 1.3 ಮಿಲಿಮೋಲ್. ಅಂಕಿ 1.2ರಿಂದ 1.0ಕ್ಕೆ ಇಳಿದರೆ ವೋಲ್ಟೇಜ್ ಬದಲಾಗುವುದು ಎರಡೂವರೆ ಮಿಲಿವೋಲ್ಟಿನಷ್ಟು ಮಾತ್ರ!

ರಕ್ತ ಕೊಡುವಾಗ

ಇಷ್ಟು ಸೂಕ್ಷ್ಮ ಅಳತೆಗೆ ಎಚ್ಚರವೂ ಅಷ್ಟೇ ಬೇಕು. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಡಬಾರದು. ಮುಷ್ಟಿ ಬಿಗಿದು ಬಿಡಿಸುವುದೂ ಬೇಡ. ರಕ್ತಕ್ಕೆ ಗಾಳಿ ತಾಕಿದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕ್ಷಾರತೆ ಹೆಚ್ಚಿ, ಅಂಕಿ ಸುಳ್ಳೇ ಇಳಿಯುತ್ತದೆ. ಇಡಿಟಿಎ ಹಾಕಿದ ಕೊಳವೆಯಂತೂ ಸಲ್ಲದು. ಅದು ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಗಾಬರಿಯಿಂದ ಬಿರುಸಾಗಿ ಉಸಿರಾಡಿದಾಗ ರಕ್ತದ ಕ್ಷಾರತೆ ಹೆಚ್ಚಿ ಸ್ವತಂತ್ರ ಪಾಲು ತಗ್ಗುತ್ತದೆ. ಬೆರಳು, ತುಟಿ ಜುಮುಗುಡುತ್ತವೆ. ಒಟ್ಟು ಕ್ಯಾಲ್ಸಿಯಂ ವರದಿ ಮಾತ್ರ ಸರಿಯಾಗಿಯೇ ಇರುತ್ತದೆ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರಿಗೆ ಬಾಯಿಯ ಸುತ್ತ ಜುಮುಗುಟ್ಟಿದರೆ, ಯಾರಿಗೇ ಆಗಲಿ ಕೈ ಸೆಡೆತುಕೊಂಡರೆ ಅಥವಾ ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥ ತೊಂದರೆಗಳಿಲ್ಲದೆ ಬರೀ ಅಂಕಿ ಕಡಿಮೆಯಿದ್ದರೆ, ಮಾತ್ರೆಗೆ ಕೈಹಾಕುವ ಮೊದಲು ವೈದ್ಯರನ್ನು ಕೇಳಿ: “ಆಲ್ಬುಮಿನ್ ಎಷ್ಟಿದೆ? ಅಯಾನು ರೂಪದ ಕ್ಯಾಲ್ಸಿಯಂ ಪರೀಕ್ಷೆ ಬೇಕೇ?” ಬೇಡದ ಕ್ಯಾಲ್ಸಿಯಂ ಮಲಬದ್ಧತೆಗೆ, ಕೆಲವರಲ್ಲಿ ಮೂತ್ರಪಿಂಡದ ಕಲ್ಲಿಗೆ ದಾರಿಯಾದೀತು.