ಹೆಸರಿಲ್ಲದ ಚೀಟಿ, ನಿಜದ ಅಳತೆ

ಎಚ್‌ಐವಿ ತಡೆಯಲು ಕಾಂಡೋಮ್ ಬಳಕೆ ಮುಖ್ಯವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರಲ್ಲಿ ಆ ಬಳಕೆ ಎಷ್ಟಿದೆಯೆಂದು ಅಳೆಯುವುದು ಸುಲಭವಲ್ಲ. ಎದುರಿಗೆ ಕುಳಿತು ಪ್ರಶ್ನಿಸಿದಾಗ, ಕೇಳುವವರು ಮೆಚ್ಚುವ ಉತ್ತರ ನೀಡುವುದು ಮನುಷ್ಯಸಹಜ. ಆಗ ಬಳಕೆಯ ಪ್ರಮಾಣ ಕಾಗದದ ಮೇಲೆ ಏರುತ್ತದೆ, ಅಪಾಯ ಮರೆಯಾಗುತ್ತದೆ.

ಪ್ರಶ್ನೆಯ ರೂಪವೂ ಗಣನೀಯ. ‘ಕಳೆದ ಬಾರಿ ಬಳಸಿದಿರಾ?’ ಎಂಬುದೂ ‘ಪ್ರತಿ ಬಾರಿಯೂ ಬಳಸುತ್ತೀರಾ?’ ಎಂಬುದೂ ಒಂದೇ ಅಲ್ಲ. ಗಿರಾಕಿಗಳೊಂದಿಗಿನ ಮತ್ತು ಆಪ್ತ ಸಂಗಾತಿಯೊಂದಿಗಿನ ಬಳಕೆಯನ್ನು ಪ್ರತ್ಯೇಕವಾಗಿಯೇ ಕೇಳಬೇಕು. ಎರಡನೆಯದು ಸಾಮಾನ್ಯವಾಗಿ ಕಡಿಮೆ.

2003ರಲ್ಲಿ ಆರಂಭವಾದ ‘ಆವಾಹನ್’ ಯೋಜನೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡುಗಳೂ ಸೇರಿ ಆರು ರಾಜ್ಯಗಳಲ್ಲಿ ನಡೆಯಿತು. ಅದರ ಫಲವನ್ನು ಅಳೆಯಲು ಕರ್ನಾಟಕದಲ್ಲಿ ‘ಮತಗಟ್ಟೆ ಸಮೀಕ್ಷೆ’ಯನ್ನು ಬಳಸಲಾಯಿತು. ಮಹಿಳೆಯರು ಗುಂಪಾಗಿ ಬಂದು ಒಬ್ಬೊಬ್ಬರೂ ಮರೆಯ ಹಿಂದೆ ಕೂರುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಲಾಗುತ್ತದೆ. ಪ್ರಶ್ನೆಯ ಸಂಖ್ಯೆಯಿರುವ ಚೀಟಿಯನ್ನು ‘ಹೌದು’ ಅಥವಾ ‘ಇಲ್ಲ’ ಪೆಟ್ಟಿಗೆಗೆ ಹಾಕಿದರಾಯಿತು. ಹೆಸರಿಲ್ಲ, ಓದುಬರಹವೂ ಅಗತ್ಯವಿಲ್ಲ. ಮುಖಾಮುಖಿ ಸಂದರ್ಶನದಲ್ಲಿ ಹೊರಬಾರದ ಅಪಾಯದ ನಡವಳಿಕೆಗಳು ಇಲ್ಲಿ ಹೆಚ್ಚಾಗಿ ವ್ಯಕ್ತವಾದವು.

ಈ ಕ್ರಮಕ್ಕೆ ಮಿತಿಯೂ ಉಂಟು: ಗುಂಪಿನ ಪ್ರಮಾಣ ದೊರೆಯುತ್ತದೆಯೇ ಹೊರತು, ಒಬ್ಬರ ಉತ್ತರಗಳನ್ನು ಒಂದಕ್ಕೊಂದು ಜೋಡಿಸಲಾಗದು. ಆದ್ದರಿಂದ ಸಿಫಿಲಿಸ್, ಗೊನೊರಿಯಾದಂತಹ ಸೋಂಕುಗಳ ಪರೀಕ್ಷಾ ಫಲಿತಾಂಶಗಳೊಡನೆಯೂ ತಾಳೆ ನೋಡಬೇಕಾಗುತ್ತದೆ. ಬಳಕೆ ಹೆಚ್ಚಿದೆ ಎಂಬ ಹುಸಿ ಅಂಕಿಯನ್ನು ನಂಬಿ ಕಾಂಡೋಮ್ ಪೂರೈಕೆಯನ್ನೋ ಚಿಕಿತ್ಸಾಲಯವನ್ನೋ ಕಡಿತಗೊಳಿಸಿದರೆ, ಅದರ ಬೆಲೆ ತೆರುವವರು ಆ ಮಹಿಳೆಯರು ಮತ್ತು ಅವರ ಮಕ್ಕಳು.