ಸಿಲಿಯಾದೊಳಗಿನ ಕೊಳವೆ ಖಾಲಿಯೇ?

ಮೂಗಿನ ಕೂದಲನ್ನೇ ಸಿಲಿಯಾ ಎಂದುಕೊಂಡವರು ಬಹಳ ಮಂದಿ. ಆ ಕೂದಲು ಕೆರಾಟಿನ್‌ನಿಂದಾದ ನಿರ್ಜೀವ ಎಳೆ. ಸಿಲಿಯಾ ಹಾಗಲ್ಲ, ಅದು ಜೀವಕೋಶದ್ದೇ ಅಂಗ, ಕೋಶಪೊರೆಯನ್ನೇ ಹೊದ್ದಿರುತ್ತದೆ. ಶ್ವಾಸನಾಳದ ಒಂದೊಂದು ಸಿಲಿಯಾಯುಕ್ತ ಕೋಶದ ಮೇಲೂ ಇಂಥವು ಸುಮಾರು 200 ಇದ್ದು, ಕಫವನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ.

ತಪ್ಪು ಕಲ್ಪನೆ: ಅದರೊಳಗಿನ ಮೈಕ್ರೋಟ್ಯೂಬ್ಯೂಲ್ ಬರೀ ಪೊಳ್ಳು ಕೊಳವೆ.

ಇದರಲ್ಲಿ ಪಠ್ಯಪುಸ್ತಕದ ಚಿತ್ರದ ಪಾಲೂ ಇದೆ. ಸುತ್ತಲೂ ಒಂಬತ್ತು ಜೋಡಿ, ನಡುವೆ ಎರಡು ಬಿಡಿ ಕೊಳವೆ, ಎಲ್ಲದರ ಒಳಗೂ ಬಿಳಿ ಜಾಗ. ಗೋಡೆಯೇನೋ ಸರಿ: ಆಲ್ಫಾ, ಬೀಟಾ ಟ್ಯೂಬ್ಯೂಲಿನ್ ಎಂಬ ಪ್ರೋಟೀನು ಜೋಡಿಗೂಡಿ 8 ನ್ಯಾನೋಮೀಟರ್ ಉದ್ದದ ತುಣುಕಾಗುತ್ತದೆ, ತುಣುಕುಗಳು ಸಾಲುಗೂಡಿ ಎಳೆಯಾಗುತ್ತವೆ. ಹೊರಜೋಡಿಯ 'ಎ' ಕೊಳವೆಗೆ 13 ಎಳೆಗಳ ಪೂರ್ತಿ ಸುತ್ತು. 'ಬಿ'ಗೆ ಸ್ವಂತದ್ದು ಹತ್ತೇ, ಉಳಿದ ಗೋಡೆಯನ್ನು ಅದು 'ಎ'ಯಿಂದಲೇ ಹಂಚಿಕೊಳ್ಳುತ್ತದೆ. ಆದರೆ ಒಳಗೆ? ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 2019ರಲ್ಲಿ ಕ್ಲಾಮಿಡೊಮೊನಾಸ್ ಪಾಚಿಯ ಸಿಲಿಯಾದ ಕೊಳವೆಯ ಒಳಗೋಡೆಗೆ ಅಂಟಿಕೊಂಡ 33 ಬಗೆಯ ಪ್ರೋಟೀನುಗಳನ್ನು ತೋರಿಸಿತು. ಬಳಿಕ ಮನುಷ್ಯರ ಶ್ವಾಸನಾಳದ ಸಿಲಿಯಾದಲ್ಲೂ ಅಂಥದೇ ಹೆಣಿಗೆ ಸಿಕ್ಕಿತು. ಪ್ರತಿ 48 ನ್ಯಾನೋಮೀಟರಿಗೆ ಅದೇ ವಿನ್ಯಾಸ ಮರುಕಳಿಸುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಬಾಗುವ ಕೊಳವೆ ಒಡೆಯದಿರಲು ಒಳಗಿನಿಂದ ಇಷ್ಟು ಬಿಗಿತ ಬೇಕೇ ಬೇಕು.

ತಪ್ಪು ಕಲ್ಪನೆ: ಕೊಳವೆಗಳು ಸ್ನಾಯುವಿನಂತೆ ಕುಗ್ಗಿ ಸಿಲಿಯಾ ಬಾಗುತ್ತದೆ.

ಕೊಳವೆಯ ಉದ್ದ ಬದಲಾಗುವುದೇ ಇಲ್ಲ. ಡೈನೀನ್ ಎಂಬ ಪ್ರೋಟೀನಿನ ತೋಳುಗಳು ಎಟಿಪಿ ಎಂಬ ಶಕ್ತಿಯ ಅಣುವನ್ನು ಬಳಸಿ ಪಕ್ಕದ ಜೋಡಿಯನ್ನು ಜಾರಿಸುತ್ತವೆ. ಬುಡದಲ್ಲಿ ಬಿಗಿದು ಕಟ್ಟಿದ ಎರಡು ಬಿದಿರ ಸೀಳುಗಳಲ್ಲಿ ಒಂದನ್ನು ಮೇಲಕ್ಕೆ ನೂಕಿದರೆ ಜೋಡಿ ಬಾಗುತ್ತದಲ್ಲ, ಹಾಗೆ. 1971ರಲ್ಲಿ ಸಮರ್ಸ್ ಮತ್ತು ಗಿಬ್ಬನ್ಸ್ ಸಮುದ್ರ ಅರ್ಚಿನ್‌ನ ಇದೇ ರಚನೆಯ ವೀರ್ಯಾಣು ಬಾಲವನ್ನು ಟ್ರಿಪ್ಸಿನ್‌ನಲ್ಲಿ ಇಷ್ಟಿಷ್ಟೇ ಜೀರ್ಣಿಸಿ, ಕಟ್ಟುಗಳನ್ನು ಸಡಿಲಿಸಿ, ಎಟಿಪಿ ಹಾಕಿದರು. ಬಾಲ ಬಾಗಲಿಲ್ಲ, ಜೋಡಿಗಳು ಒಂದರಿಂದೊಂದು ಜಾರಿ ಹೊರಬಂದವು. ವಾದ ಅಲ್ಲಿಗೆ ಬಗೆಹರಿಯಿತು ಎನ್ನಬಹುದು.

ತಪ್ಪು ಕಲ್ಪನೆ: ನಡುವಿನ ಎರಡು ಕೊಳವೆ ಇಲ್ಲದ ಸಿಲಿಯಾ ಅಲ್ಲಾಡದು.

ಮೂತ್ರಪಿಂಡದ ಕೋಶಗಳ ಮಟ್ಟಿಗೆ ಇದು ನಿಜ, ಅಲ್ಲಿನದು ಸಂಕೇತ ಹಿಡಿಯುವ ಸಿಲಿಯಾ. ಭ್ರೂಣದ 'ನೋಡ್' ಎಂಬ ಜಾಗದಲ್ಲಿ ಮಾತ್ರ ನಡುವಿನ ಜೋಡಿ ಇಲ್ಲದ ಸಿಲಿಯಾಗಳೂ ಗಿರಗಿರ ತಿರುಗಿ, ಹೃದಯ ಎಡಕ್ಕಿರಬೇಕೆಂದು ತೀರ್ಮಾನಿಸುವ ಹರಿವನ್ನು ಹುಟ್ಟಿಸುತ್ತವೆ. ಡೈನೀನ್ ದೋಷದಿಂದ ಸಿಲಿಯಾ ನಿಂತುಹೋದವರಲ್ಲಿ ಸರಿಸುಮಾರು ಅರ್ಧದಷ್ಟು ಜನಕ್ಕೆ ಅಂಗಗಳು ಕನ್ನಡಿ ಪ್ರತಿಬಿಂಬದಂತೆ ಅದಲುಬದಲಾಗಿರುವುದು ಇದರಿಂದಲೇ. ದೋಷ ನಡುವಿನ ಜೋಡಿಯದಷ್ಟೇ ಆದರೆ ಕಫ, ಕೆಮ್ಮು ಬಿಡುವುದಿಲ್ಲ. ಹೃದಯ ಮಾತ್ರ ಎಡಕ್ಕೇ ಇರುತ್ತದೆ.