ಎರಡನೇ ಕ್ಯಾಮೆರಾದ ಬಟನ್

ಕಂಬಳದ ನೇರ ಪ್ರಸಾರವನ್ನು ನಡುರಾತ್ರಿ ಮೊಬೈಲಿನಲ್ಲಿ ನೋಡುವವರಿಗೆ ಕಾಣದ ಒಬ್ಬನಿದ್ದಾನೆ. ಕೋಣಗಳು ಓಡುವ ಕೆಸರಿನ ಹಾದಿಯಾದ ಕರೆಯ ಪಕ್ಕದ ಶಾಮಿಯಾನದೊಳಗೆ ಮಾನಿಟರಿನ ಮುಂದೆ ಕೂತಿರುತ್ತಾನೆ. ಕೋಣಗಳು ಹೊರಡುವಲ್ಲಿ ಒಂದು ಕ್ಯಾಮೆರಾ, ಕರೆಯ ನಡುವೆ ಇನ್ನೊಂದು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮತ್ತೊಂದು. ಯಾವ ಕ್ಷಣಕ್ಕೆ ಯಾವುದು ನಮ್ಮ ಕಣ್ಣಿಗೆ ಬೀಳಬೇಕು ಎಂಬುದು ಅವನ ಬೆರಳಿಗೆ ಬಿಟ್ಟದ್ದು. ಒಳ್ಳೆಯ ಕೋಣಗಳ ಓಟ ಕಾಲು ನಿಮಿಷದೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಕಣ್ಣು ಮಾನಿಟರ್ ಬಿಟ್ಟು ಕೆಳಗಿಳಿಯುವಂತಿಲ್ಲ. ಬಟನ್ ಎಲ್ಲಿದೆ ಎಂದು ಬೆರಳೇ ತಿಳಿದುಕೊಳ್ಳಬೇಕು.

ಆ ಬೆರಳಿನಡಿಯ ಪುಟ್ಟ ಪ್ಲಾಸ್ಟಿಕ್ ತುಂಡಿಗೆ ಕ್ಯಾಪ್ ಎನ್ನುತ್ತಾರೆ. ಸವೆದ ಕ್ಯಾಪನ್ನು ಬದಲಿಸುವುದು ಸಣ್ಣ ಕೆಲಸ, ಆದರೆ ಸದರದ ಕೆಲಸವಲ್ಲ.

ಹೀಗೆ ಕ್ಯಾಮೆರಾ ಬದಲಿಸುವ ಮಿಕ್ಸರ್ ಅಥವಾ ಸ್ವಿಚರ್‌ನ ದೊಡ್ಡ ಪ್ಯಾನೆಲ್‌ಗಳಲ್ಲಿ ಎರಡು ಸಾಲು ಬಟನ್‌ಗಳಿರುತ್ತವೆ. ಒಂದು ಪ್ರೋಗ್ರಾಂ, ಅಂದರೆ ಈಗ ಪ್ರಸಾರವಾಗುತ್ತಿರುವ ಚಿತ್ರ. ಅಲ್ಲಿ ಕೆಂಪು ದೀಪ. ಇನ್ನೊಂದು ಪ್ರಿವ್ಯೂ, ಮುಂದೆ ಬರಬೇಕಾದದ್ದು. ಅಲ್ಲಿ ಹಸಿರು. ಪಕ್ಕದಲ್ಲಿ ಚಿತ್ರ ಬದಲಿಸುವ ಕಟ್, ಆಟೊ ಬಟನ್‌ಗಳು, ಮತ್ತೆ ಟಿ-ಬಾರ್ ಎಂಬ ಹಿಡಿಕೆ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಇಡೀ ಗ್ರಹವನ್ನು ಸಿಡಿಸುವ ಯಂತ್ರದ ಹಿಡಿಕೆಯಾಗಿ ಕಾಣಿಸಿಕೊಂಡದ್ದು ಅಮೆರಿಕದ ಗ್ರಾಸ್ ವ್ಯಾಲಿ ಕಂಪನಿಯ ಇಂಥದೇ ಮಿಕ್ಸರಿನ ಟಿ-ಬಾರ್. ಬೆಂಗಳೂರಿನಲ್ಲಿ 1981ರಲ್ಲಿ ದೂರದರ್ಶನ ಕೇಂದ್ರ ಶುರುವಾದ ಮೇಲೂ ಬಹುಕಾಲ ಈ ಪ್ಯಾನೆಲ್ ಸ್ಟುಡಿಯೊ ಮತ್ತು ಹೊರಾಂಗಣ ಪ್ರಸಾರದ ಓಬಿ ವ್ಯಾನ್‌ನೊಳಗಿನ ವಸ್ತುವಾಗಿಯೇ ಉಳಿಯಿತು. 2019ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ‘ಎಟೆಮ್ ಮಿನಿ’ ಎಂಬ ಪುಟ್ಟ ಸ್ವಿಚರ್ ತಂದಿತು. ಮರುವರ್ಷವೇ ಕೊರೊನಾ. ಮದುವೆ, ಯಕ್ಷಗಾನ, ರಥೋತ್ಸವ ಎಲ್ಲವೂ ಲೈವ್ ಆದವು. ಈಗ ಫೋಟೊ ಸ್ಟುಡಿಯೊದವರ ಬ್ಯಾಗಿನಲ್ಲೂ ಮಿಕ್ಸರ್ ಇರುತ್ತದೆ.

ಸವೆತ ಎಲ್ಲ ಬಟನ್‌ಗೂ ಸಮನಾಗಿ ಬರುವುದಿಲ್ಲ. ವರ್ಷಗಟ್ಟಲೆ ದುಡಿದ ಪ್ಯಾನೆಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದನೇ, ಎರಡನೇ ಕ್ಯಾಮೆರಾಗಳ ಬಟನ್ ಮತ್ತು ಕಟ್ ಬಟನ್ ಎಣ್ಣೆ ಸವರಿದಂತೆ ಹೊಳೆಯುತ್ತವೆ. ಎಂಟನೆಯದರ ಮೈ ಇನ್ನೂ ತರಿತರಿಯಾಗಿಯೇ ಇರುತ್ತದೆ. ಕ್ಯಾಪ್‌ಗಳು ಹೆಚ್ಚಾಗಿ ಎಬಿಎಸ್ ಇಲ್ಲವೇ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನವು. ಕೆಲವು ಕಡೆ ಬೆಳಕು ಹಾಯುವ ಪ್ಲಾಸ್ಟಿಕ್ಕಿಗೆ ಗಾಢ ಬಣ್ಣ ಬಳಿದು, ಅಕ್ಷರದ ಜಾಗದಲ್ಲಷ್ಟೇ ಲೇಸರಿನಿಂದ ಬಣ್ಣ ಸುಟ್ಟು ತೆಗೆದಿರುತ್ತಾರೆ. ಬೆವರು, ಜಿಡ್ಡು, ಉಜ್ಜಾಟ ಸೇರಿ ಆ ಬಣ್ಣವನ್ನು ತಿಂದಾಗ ಅಕ್ಷರದ ಸುತ್ತಲೂ ಬೆಳಕು ಸೋರುತ್ತದೆ. ‘2’ ಇದ್ದಲ್ಲಿ ಬರೀ ಒಂದು ಕೆಂಪು ಮಚ್ಚೆ ಉಳಿಯುತ್ತದೆ. ಇನ್ನು ಕೆಲವು ಪ್ಯಾನೆಲ್‌ಗಳಲ್ಲಿ ಪಾರದರ್ಶಕ ಕ್ಯಾಪ್, ಅದರಡಿ ಹೆಸರು ಅಚ್ಚಾದ ಫಿಲ್ಮ್ ಚೂರು. ಸ್ಯಾನಿಟೈಸರ್ ಹಚ್ಚಿದ ಹಸಿ ಕೈ ಇವಕ್ಕೆ ಒಳ್ಳೆಯದಲ್ಲ. ಆಲ್ಕೋಹಾಲ್ ತಾಗಿ ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಎಬಿಎಸ್ಸನ್ನೇ ಕರಗಿಸುತ್ತದೆ.

ಕೈ ಹಾಕುವ ಮೊದಲು, ಕೆಟ್ಟಿರುವುದು ಕ್ಯಾಪೋ ಸ್ವಿಚ್ಚೋ ಎಂದು ತಿಳಿಯಬೇಕು. ಬಲ್ಲವರು ಇಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಕ್ಯಾಪಿನ ಕೆಳಗೆ ಒಂದೊಂದಕ್ಕೂ ಪ್ರತ್ಯೇಕ ಸ್ವಿಚ್ ಇರಬಹುದು, ಇಲ್ಲವೇ ಇಡೀ ಸಾಲಿಗೆ ಒಂದೇ ರಬ್ಬರ್ ಹಾಳೆ ಇರಬಹುದು. ರಬ್ಬರಿನ ತಳದ ಕಾರ್ಬನ್ ಬಿಲ್ಲೆ ಸರ್ಕ್ಯೂಟಿಗೆ ತಾಗಿದಾಗ ಸಂಪರ್ಕವಾಗುತ್ತದೆ. ಟಿ.ವಿ. ರಿಮೋಟಿನೊಳಗೂ ಇದೇ ಏರ್ಪಾಡು. ಬಿಲ್ಲೆಯೇ ಸವೆದಿದ್ದರೆ ಹೊಸ ಕ್ಯಾಪ್ ಹಾಕಿ ಏನೂ ಪ್ರಯೋಜನವಿಲ್ಲ. ಒಮ್ಮೆ ಒತ್ತಿದ್ದನ್ನು ಎರಡು ಸಲ ಎಂದು ಓದುವ ಸ್ವಿಚ್ ಇನ್ನೂ ಅಪಾಯ. ಕಟ್ ಒತ್ತಿದರೆ ಪ್ರೋಗ್ರಾಂ, ಪ್ರಿವ್ಯೂ ಅದಲುಬದಲಾಗುತ್ತವೆ. ಎರಡು ಸಲ ಆಯಿತೆಂದರೆ ಹೋದ ಚಿತ್ರವೇ ಮರಳಿ ಬರುತ್ತದೆ. ನಮ್ಮಲ್ಲಿ ಟಿ.ವಿ. ಚಿತ್ರಕ್ಕೆ ಸೆಕೆಂಡಿಗೆ 25 ಫ್ರೇಮ್, ಒಂದೊಂದಕ್ಕೂ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮಿನ ಮಿಣುಕು ಕೂಡ ಕಣ್ಣಿಗೆ ಬಡಿಯುತ್ತದೆ. ಅದು ತಾಳಿ ಕಟ್ಟುವ ಗಳಿಗೆಯಾಗಿದ್ದರೆ ಆ ಗಳಿಗೆಯನ್ನು ಮತ್ತೆ ತರುವವರು ಯಾರು?

ದೋಷ ಕ್ಯಾಪಿನದೇ ಎಂದು ಖಚಿತವಾದರೆ ಕರೆಂಟು ತೆಗೆದು, ಮೊದಲು ಪ್ಯಾನೆಲಿನ ಫೋಟೊ ಹಿಡಿದಿಡಬೇಕು. ಕಿತ್ತು ಹರವಿದ ಮೇಲೆ ಎಲ್ಲ ಕ್ಯಾಪ್‌ಗಳೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್ ಕೀಲಿಮಣೆಯ ಕೀ ತೆಗೆಯುವ ತಂತಿಯ ಚಿಮುಟ ಇದಕ್ಕೂ ಆಗುತ್ತದೆ. ಎರಡೂ ಬದಿ ಸಮನಾಗಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಒಳಗಿನ ಕೊಕ್ಕೆ ಮುರಿಯುತ್ತದೆ, ಪಕ್ಕದ ಬಟನ್ನಿನ ಅಂಚಿಗೂ ಗಾಯವಾಗುತ್ತದೆ. ಹಳೆಯ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುವ ಹಂತಕ್ಕೆ ಬಂದಿದ್ದರೆ ಇನ್ನಷ್ಟು ತಾಳ್ಮೆ ಬೇಕು. ಹೊಸದನ್ನು ಕೂರಿಸಿದ ಮೇಲೆ ಮಧ್ಯದಲ್ಲಷ್ಟೇ ಅಲ್ಲ, ನಾಲ್ಕೂ ಮೂಲೆಯಲ್ಲಿ ಒತ್ತಿ ನೋಡಬೇಕು. ಬೆರಳು ಯಾವಾಗಲೂ ನಡುವಿಗೇ ಬೀಳುವುದಿಲ್ಲ.

ಕ್ಯಾಪ್ ಸಿಗುವುದೆಲ್ಲಿ? ತಯಾರಿಕೆ ನಿಂತ ಮಾದರಿಯಾದರೆ ಕೆಟ್ಟುಹೋದ ಅದೇ ಮಾದರಿಯ ಪ್ಯಾನೆಲ್ ಹುಡುಕಿ ಅದರಿಂದ ಕಳಚಿಕೊಳ್ಳುವುದು ಹಳೆಯ ದಾರಿ. ಈಗ ವರ್ನಿಯರ್‌ನಲ್ಲಿ ಅಳೆದು 3ಡಿ ಪ್ರಿಂಟ್ ಮಾಡಿಸುವ ದಾರಿಯೂ ಇದೆ. ಪ್ಲಾಸ್ಟಿಕ್ ಎಳೆ ಕರಗಿಸಿ ಮಾಡುವ ಪ್ರಿಂಟಿಗಿಂತ ರೆಸಿನ್ ಪ್ರಿಂಟ್ ನುಣುಪು, ಬೆಳಕೂ ಅದರಲ್ಲಿ ಚೆನ್ನಾಗಿ ಹಾಯುತ್ತದೆ. ಒಳಗಿನ ಕೊಕ್ಕೆಯ ಅಳತೆ ಕೂದಲಿನಷ್ಟು ತಪ್ಪಿದರೂ ಸಾಕು, ಕ್ಯಾಪ್ ಒಂದೋ ಅಲ್ಲಾಡುತ್ತದೆ, ಇಲ್ಲವೇ ಕೆಳಗಿಳಿದದ್ದು ಮೇಲೇಳುವುದಿಲ್ಲ.

ಫಿಲ್ಮ್ ಹಾಕುವ ಪ್ಯಾನೆಲ್‌ಗಳ ಮೇಲೆ ನನಗೆ ವಿಶೇಷ ಪ್ರೀತಿ. ಅಲ್ಲಿ ಬರಹ ನಮ್ಮ ಕೈಯಲ್ಲೇ ಇದೆ. ಯಕ್ಷಗಾನದ ಪ್ರಸಾರಕ್ಕೆ ಹೊರಡುವಾಗ ‘ಭಾಗವತರು’, ‘ರಂಗಸ್ಥಳ’, ‘ಸಭೆ’ ಎಂದು ಕನ್ನಡದಲ್ಲೇ ಅಚ್ಚು ಹಾಕಿಸಿ ಕ್ಯಾಪಿನಡಿ ಇಡಬಹುದು. ಒಂದೇ ಅಳತೆಯ ಕ್ಯಾಪ್‌ಗಳಾದ್ದರಿಂದ ಹೊಸದನ್ನು ಕೊಳ್ಳದೆಯೂ ಕೆಲಸ ಸಾಗುತ್ತದೆ. ಯಾರೂ ಮುಟ್ಟದ ಎಂಟನೇ ಕ್ಯಾಮೆರಾದ ತರಿತರಿ ಕ್ಯಾಪ್ ಎರಡನೆಯದರ ಜಾಗಕ್ಕೆ ಬರುತ್ತದೆ. ಅಲ್ಲಿ ಸವೆದು ನುಣುಪಾದದ್ದು ಎಂಟನೆಯದರ ಮೇಲೆ, ಕೇಬಲ್ಲೇ ಚುಚ್ಚದ ಬಟನ್ನಿನ ಮೇಲೆ, ಕೂರುತ್ತದೆ.